ಫ್ಯಾರಡೆ ಕಲಿತ ಪಾಠ, ಕಲಿಯದ ಪಾಠ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಕೇಳುತ್ತ ಬಂದಿದ್ದಾರೆ. ಎಳವೆಯಲ್ಲಿ ದೊರೆತ ಶಿಕ್ಷಣವೇ ಮುಂದಿನ ಬಾಳಿಗೆ ರೂಪು ಕೊಡುತ್ತದೆಂಬ ಈ ಮಾತನ್ನು ಒಪ್ಪದವರು ವಿರಳ. ಆದರೆ ಗಾದೆಯು ಒಂದು ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದೆ. ಎಳವೆಯಲ್ಲಿ ದೊರೆತ ಪಾಠವು ಮನುಷ್ಯನನ್ನು ಒಂದು ಕಡೆಗೆ ಬಾಗಿಸುವುದಾದರೆ, ದೊರೆಯದೆ ಹೋದ ಪಾಠವೂ ಅವನನ್ನು ಬಾಗಿಸುವುದಿಲ್ಲವೆ? ಬೇರಿಗೆ ಒಂದು ಮಗ್ಗುಲಲ್ಲಿ ಕಲ್ಲು ಅಡ್ಡ ಬಂದರೆ ಅದು ಇನ್ನೊಂದು ಮಗ್ಗುಲಿಗೆ ತಿರುಗಿ ನೀರನ್ನು ಹುಡುಕುತ್ತದೆ. ಮರದ ಆಕಾರದಲ್ಲಿ ಆ ಕಲ್ಲಿನ ಪಾಲೂ ಇದ್ದೇ ಇರುತ್ತದೆ.

ಇಂಥ ವಿಷಯವನ್ನು ಸಾಮಾನ್ಯ ಮಾತುಗಳಲ್ಲಿ ಚರ್ಚಿಸುವುದಕ್ಕಿಂತ ಒಬ್ಬ ವ್ಯಕ್ತಿಯ ಬಾಳನ್ನು ಹಿಡಿದು ಪರಿಶೀಲಿಸುವುದು ಲೇಸು. ಅದಕ್ಕಾಗಿ ನಾವು ಮೈಕೇಲ್ ಫ್ಯಾರಡೆಯನ್ನು ಆರಿಸಿಕೊಳ್ಳೋಣ. ಅವನು ದೊಡ್ಡ ವಿಜ್ಞಾನಿ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ತಾನು ಕೇಳಿದ ಉಪನ್ಯಾಸ, ಮಾಡಿದ ಪ್ರಯೋಗ, ಪಟ್ಟ ಸಂದೇಹ ಎಲ್ಲವನ್ನೂ ಬರೆದಿಡುವ ಅಭ್ಯಾಸ ಅವನಿಗೆ ಹುಡುಗತನದಿಂದಲೇ ಇದ್ದಿತು. ಆದುದರಿಂದ ಯಾವ ಪಾಠ ಎಲ್ಲಿ ಬಿತ್ತನೆಯಾಯಿತು, ಅದು ಎಷ್ಟು ವರ್ಷಗಳ ಮೇಲೆ ಹೇಗೆ ಫಲಿಸಿತು ಎಂಬುದನ್ನು ಅವನ ವಿಷಯದಲ್ಲಿ ಊಹೆಯಿಂದಲ್ಲ, ಕಾಗದಪತ್ರಗಳಿಂದಲೇ ಗುರುತಿಸಬಹುದಾಗಿದೆ.

ಫ್ಯಾರಡೆಯು 1791ನೆಯ ಸೆಪ್ಟೆಂಬರ್ 22ರಂದು ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಎಂಬಲ್ಲಿ ಹುಟ್ಟಿದನು. ತಂದೆ ಕಮ್ಮಾರ, ಸದಾ ಕಾಯಿಲೆಯ ಮನುಷ್ಯ. ಮನೆಯಲ್ಲಿ ನಾಲ್ಕು ಮಕ್ಕಳು. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಹುಡುಗನಿಗೆ ವಾರಕ್ಕೊಂದು ರೊಟ್ಟಿ ಕೊಟ್ಟು, ಅದರಲ್ಲೇ ಏಳು ದಿನ ಕಳೆಯಬೇಕೆಂದು ಹೇಳುತ್ತಿದ್ದರಂತೆ. ಶಾಲೆಯಲ್ಲಿ ಅವನು ಕಲಿತದ್ದು ಓದು, ಬರೆಹ ಮತ್ತು ಲೆಕ್ಕದ ಮೊದಲ ಮೆಟ್ಟಿಲುಗಳು ಮಾತ್ರ. ಹಳೆಯ ಜೀವನಚರಿತ್ರೆಗಳು ಹೇಳುವ ಒಂದು ಸಂಗತಿಯುಂಟು. ಬಾಲಕನಿಗೆ 'ರ'ಕಾರ ನಾಲಗೆಯಲ್ಲಿ ತಿರುಗುತ್ತಿರಲಿಲ್ಲ. ಅಣ್ಣ ರಾಬರ್ಟನ ಹೆಸರೂ ನೆಟ್ಟಗೆ ಹೊರಡುತ್ತಿರಲಿಲ್ಲ. ಉಪಾಧ್ಯಾಯಿನಿಯು ಸಿಟ್ಟಾಗಿ, ತಮ್ಮನನ್ನು ಹೊಡೆಯುವುದಕ್ಕೆ ಒಂದು ಬೆತ್ತ ತರುವಂತೆ ಅಣ್ಣನ ಕೈಯಲ್ಲೇ ಕಾಸು ಕೊಟ್ಟು ಕಳುಹಿಸಿದಳು. ರಾಬರ್ಟನು ಕಾಸನ್ನು ಗೋಡೆಯಾಚೆ ಎಸೆದು ತಾಯಿಯ ಬಳಿಗೆ ಓಡಿದನು. ತಾಯಿ ಇಬ್ಬರನ್ನೂ ಆ ಶಾಲೆಯಿಂದ ಬಿಡಿಸಿಬಿಟ್ಟಳು. ಮುಂದೆ ಇಂಗ್ಲೆಂಡಿನ ಅತ್ಯುತ್ತಮ ವಿಜ್ಞಾನೋಪನ್ಯಾಸಕನೆಂದು ಹೆಸರಾದವನ ಶಾಲಾಜೀವನದ ಕಥೆ ಇದು.

1804ರಲ್ಲಿ ಅವನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಓಡಾಟದ ಹುಡುಗನಾಗಿ ಸೇರಿದನು. ವೃತ್ತಪತ್ರಿಕೆಗಳನ್ನು ಮನೆಮನೆಗೆ ಓದಲು ಕೊಟ್ಟು ಮತ್ತೆ ಹೋಗಿ ಹಿಂದಕ್ಕೆ ತರುವುದು ಅವನ ಕೆಲಸ. ಮಾರನೆಯ ವರ್ಷ ಅಲ್ಲಿಯೇ ಏಳು ವರ್ಷಗಳ ಕರಾರಿನ ಮೇಲೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನ ಅಪ್ರೆಂಟಿಸ್ ಆದನು. ಕಸುಬು ಕಲಿಸಿದ್ದಕ್ಕಾಗಿ ಹುಡುಗನ ಮನೆಯವರು ಯಜಮಾನನಿಗೆ ಹಣ ಕಟ್ಟುವುದು ಅಂದಿನ ವಾಡಿಕೆ. ಹುಡುಗನ ನಂಬಿಕೆಯ ನಡತೆಯನ್ನು ಮೆಚ್ಚಿ ರೀಬೋ ಆ ಹಣವನ್ನು ಬೇಡವೆಂದನು.

ರಟ್ಟು ಕಟ್ಟುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದು ಎಂಥ ಶಿಕ್ಷಣವೆಂಬುದು ತಿಳಿದಿರುತ್ತದೆ. ಅಚ್ಚಾದ ಹಾಳೆಗಳನ್ನು ಕ್ರಮ ತಪ್ಪದಂತೆ ಮಡಿಸಬೇಕು. ಮಡಿಕೆಗಳನ್ನು ಒಂದರ ಮೇಲೊಂದು ಜೋಡಿಸಿ ದಾರದಿಂದ ಹೊಲಿಯಬೇಕು. ಸರಿ ಹಾಕಿ ಅದುಮಿ, ಅಂಚು ಕತ್ತರಿಸಿ, ಬೆನ್ನು ಕೂಡಿಸಿ, ಚರ್ಮವನ್ನು ಎಳೆದು ಅಂಟಿಸಬೇಕು. ಒಂದು ಹಾಳೆ ಹಿಂದುಮುಂದಾದರೆ ಇಡೀ ಗ್ರಂಥ ಕೆಟ್ಟಿತು. ಅವಸರಕ್ಕೆ ಇಲ್ಲಿ ಎಡೆಯಿಲ್ಲ, ಏಕೆಂದರೆ ಅಂಟು ಒಣಗುವವರೆಗೆ ಕಾಯಲೇಬೇಕು. ಏಳು ವರ್ಷ ಈ ಕೆಲಸ ಮಾಡಿದ ಕೈಗೆ ಬರುವ ಹದ ಬೇರೆಯೇ. ಫ್ಯಾರಡೆಯ ಪ್ರಯೋಗಗಳ ಅಚ್ಚುಕಟ್ಟನ್ನು ಮೆಚ್ಚುವವರು ಈ ಏಳು ವರ್ಷಗಳನ್ನು ಮರೆಯಬಾರದು.

ಕೈಗೆ ಬಂದ ಪುಸ್ತಕಗಳ ಹೊರಮೈಯನ್ನು ಸಿಂಗರಿಸುತ್ತಿದ್ದ ಹುಡುಗನು ಒಳಪುಟಗಳನ್ನೂ ತಿರುವತೊಡಗಿದನು. ಬ್ರಿಟಾನಿಕ ವಿಶ್ವಕೋಶದಲ್ಲಿದ್ದ ವಿದ್ಯುಚ್ಛಕ್ತಿಯ ಲೇಖನವೂ, ಜೇನ್ ಮಾರ್ಸೆಟ್ ಎಂಬಾಕೆಯು ಗುರುಶಿಷ್ಯೆಯರ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಅವನನ್ನು ಹಿಡಿದುವು. ಗಮನಿಸಬೇಕಾದುದು ಓದಿದನೆಂಬುದನ್ನಲ್ಲ. ಪುಸ್ತಕ ಹೇಳಿದ್ದನ್ನು ಅವನು ಹಾಗೆಯೇ ನಂಬಲಿಲ್ಲ. ವಾರಕ್ಕೆ ಕೆಲವು ಕಾಸುಗಳಲ್ಲಿ ಕೊಳ್ಳಬಹುದಾದ ಸಾಮಗ್ರಿಗಳಿಂದ ಆ ಪ್ರಯೋಗಗಳನ್ನು ತಾನೇ ಮಾಡಿ, ಮಾತು ನಿಜವೆಂದು ಕಂಡ ಮೇಲೆಯೇ ಒಪ್ಪಿದನು. ಗಾಜಿನ ಸೀಸೆಯೊಂದರಿಂದ ವಿದ್ಯುದ್ಯಂತ್ರವನ್ನೂ ಮಾಡಿಕೊಂಡನು. ಶಾಲೆಗೆ ಹೋಗಿ ಗುರುಗಳ ಮಾತಿಗೆ ತಲೆದೂಗಿ ಕಲಿತಿದ್ದರೆ ಈ ಹಟ ಅವನಲ್ಲಿ ಉಳಿಯುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ.

ಅವನಿಗೆ ದಾರಿ ತೋರಿದ ಇನ್ನೊಂದು ಗ್ರಂಥವಿದೆ. ಅದು ವಿಜ್ಞಾನದ್ದಲ್ಲ. ಐಸಾಕ್ ವಾಟ್ಸ್ ಎಂಬ ಧರ್ಮಬೋಧಕನು 1741ರಲ್ಲಿ ಪ್ರಕಟಿಸಿದ, ಮನಸ್ಸನ್ನು ಬೆಳಸಿಕೊಳ್ಳುವ ಬಗೆಯನ್ನು ಕುರಿತ ಪುಸ್ತಕ. ಟಿಪ್ಪಣಿ ಪುಸ್ತಕವನ್ನು ಸದಾ ಜೊತೆಯಲ್ಲಿಟ್ಟುಕೋ, ಉಪನ್ಯಾಸಗಳಿಗೆ ಹೋಗು, ಗೆಳೆಯನೊಬ್ಬನೊಡನೆ ಪತ್ರವ್ಯವಹಾರ ಮಾಡು, ಮಾತಿನ ಅರ್ಥವನ್ನು ತೂಗಿ ನೋಡು ಎಂಬಂಥ ಉಪದೇಶಗಳು ಅದರಲ್ಲಿದ್ದುವು. ಉಪದೇಶದ ಪುಸ್ತಕಗಳನ್ನು ಓದುವವರು ಬಹಳ. ಓದಿದಂತೆ ನಡೆಯುವವರು ಎಲ್ಲೋ ಒಬ್ಬರು. ಫ್ಯಾರಡೆಯು ಅದನ್ನು ವೈದ್ಯನ ಚೀಟಿಯಂತೆ ಅಕ್ಷರಶಃ ಪಾಲಿಸಿದನು. ಟಿಪ್ಪಣಿ ಪುಸ್ತಕ ಆರಂಭವಾಯಿತು. ಬೆಂಜಮಿನ್ ಅಬಟ್ ಎಂಬ ಗೆಳೆಯನಿಗೆ 1812ರಿಂದ ಉದ್ದುದ್ದನೆಯ ಪತ್ರಗಳು ಹೊರಟುವು. 1810ರಲ್ಲಿ ಟೇಟಮ್ ಎಂಬಾತನು ತನ್ನ ಮನೆಯಲ್ಲಿ ನಡೆಸುತ್ತಿದ್ದ ವಿಜ್ಞಾನೋಪನ್ಯಾಸಗಳಿಗೆ ಅವನು ಹೋಗತೊಡಗಿದನು. ಪ್ರತಿ ಉಪನ್ಯಾಸಕ್ಕೆ ಒಂದು ಷಿಲಿಂಗ್ ಶುಲ್ಕ. ಅದನ್ನು ಕೊಟ್ಟವನು ತಂದೆಯ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್. ಆ ಸಭೆಯಲ್ಲಿ ಪರಿಚಯವಾದ ಮಗ್ರಾತ್ ಎಂಬ ಯುವಕನು ವಾರಕ್ಕೆ 2 ಗಂಟೆಯಂತೆ ಏಳು ವರ್ಷ ಕಾಲ ಇವನ ಕಾಗುಣಿತವನ್ನೂ ವ್ಯಾಕರಣವನ್ನೂ ತಿದ್ದಿದನು. ಉಪಕರಣಗಳ ಚಿತ್ರ ಬರೆಯಲು ಬಾರದೆಂದು ಕಂಡಾಗ, ರೀಬೋನ ಮನೆಯಲ್ಲಿ ತಂಗಿದ್ದ ಮಾಸ್ಕರಿಯೇ ಎಂಬ ಫ್ರೆಂಚ್ ಚಿತ್ರಕಾರನ ಕೋಣೆಯ ಧೂಳು ಒರಸಿ, ಪಾದರಕ್ಷೆಗೆ ಬಣ್ಣ ಹಾಕಿ, ಅವನಿಂದ ಚಿತ್ರಕಲೆಯ ಪಾಠ ಹೇಳಿಸಿಕೊಂಡನು.

ಫ್ಯಾರಡೆಯನ್ನು ಯಾರ ಸಹಾಯವೂ ಇಲ್ಲದೆ ತಾನಾಗಿಯೇ ಬೆಳೆದವನೆಂದು ಹೊಗಳುವುದುಂಟು. ಮೇಲಿನ ಹೆಸರುಗಳನ್ನು ನೋಡಿದರೆ ಆ ಹೊಗಳಿಕೆ ಅರ್ಧಸತ್ಯವೆಂದೇ ಹೇಳಬೇಕು. ಅವನಿಗೆ ಗುರುಗಳು ಹಲವರಿದ್ದರು. ಆದರೆ ಒಬ್ಬೊಬ್ಬರನ್ನೂ ಅವನೇ ಹುಡುಕಿಕೊಂಡಿದ್ದನು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಚೀಟಿಯಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ದೊರೆಯಿತು. ಡೇವಿ ಅಂದು ಯೂರೋಪಿನಲ್ಲೆಲ್ಲ ಪ್ರಸಿದ್ಧನಾಗಿದ್ದ ರಸಾಯನಶಾಸ್ತ್ರಜ್ಞ. ಹುಡುಗನು ಗ್ಯಾಲರಿಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡು, ಮನೆಗೆ ಬಂದು ಅದನ್ನು ವಿಸ್ತರಿಸಿ, ಚಿತ್ರಗಳನ್ನು ಸೇರಿಸಿ, 300ಕ್ಕೂ ಮಿಕ್ಕ ಪುಟಗಳಾದಾಗ ತಾನೇ ಹೊಲಿದು ರಟ್ಟು ಕಟ್ಟಿದನು. ಆ ವರ್ಷದ ಅಕ್ಟೋಬರಿನಲ್ಲಿ ಅವನ ಅಪ್ರೆಂಟಿಸ್ ಅವಧಿ ಮುಗಿಯಿತು. ಬೇರೊಬ್ಬ ಯಜಮಾನನ ಕೆಳಗೆ ಕೂಲಿಗೆ ಸೇರಿದನು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಆ ಪುಸ್ತಕವನ್ನು ಡೇವಿಗೆ ಕಳುಹಿಸಿ ಕೆಲಸ ಬೇಡಿದನು. 1813ನೆಯ ಮಾರ್ಚ್ 1ರಂದು ಪ್ರಯೋಗಶಾಲೆಯ ಸಹಾಯಕನಾಗಿ ನೇಮಕವಾಯಿತು: ವಾರಕ್ಕೆ 25 ಷಿಲಿಂಗ್ ಸಂಬಳ, ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆ. ಅರ್ಜಿ ಹಾಕುವವನು ಸಾಮಾನ್ಯವಾಗಿ ತನ್ನ ಯೋಗ್ಯತೆಯನ್ನು ಮಾತಿನಲ್ಲಿ ವರ್ಣಿಸುತ್ತಾನೆ. ಈ ಅರ್ಜಿದಾರನು ಕಲಿತ ಎರಡು ವಿದ್ಯೆಗಳನ್ನೂ ಒಂದೇ ವಸ್ತುವಿನಲ್ಲಿ ಮೇಜಿನ ಮೇಲೆ ಇಟ್ಟನು.

ಅಲ್ಲಿಂದ ಎರಡನೆಯ ಉಮೇದುವಾರಿಕೆ ಮೊದಲಾಯಿತೆನ್ನಬಹುದು. 1813ರ ಅಕ್ಟೋಬರಿನಿಂದ 1815ರ ಏಪ್ರಿಲ್‌ವರೆಗೆ ಡೇವಿಯೊಡನೆ ಫ್ರಾನ್ಸ್, ಇಟಲಿಗಳ ಸಂಚಾರ. ಒಮ್ಮೆ ಸಹಾಯಕನ ಕೆಲಸ, ಒಮ್ಮೆ ಸೇವಕನ ಕೆಲಸ. ಆಂಪೇರನನ್ನೂ ಮುದುಕನಾಗಿದ್ದ ವೋಲ್ಟಾನನ್ನೂ ಅವನು ಕಂಡದ್ದು ಆಗಲೇ. ಹಿಂದಿರುಗಿದ ಮೇಲೆ ಹಲವು ವರ್ಷ ಪ್ರಯೋಗಶಾಲೆಯ ನಿತ್ಯದ ದುಡಿಮೆ. ಅದರ ಫಲವಾಗಿ 1827ರಲ್ಲಿ ಹೊರಬಂದ ಅವನ ಮೊದಲ ಗ್ರಂಥವು ಯಾವ ಸಿದ್ಧಾಂತವನ್ನೂ ಕುರಿತದ್ದಲ್ಲ. ತೂಗುವುದು, ಸೋಸುವುದು, ಗಾಜನ್ನು ಬಾಗಿಸುವುದು, ಬಿರಡೆಯನ್ನು ಕೊರೆಯುವುದು, ಹೀಗೆ ರಾಸಾಯನಿಕ ಪ್ರಯೋಗದ ಕೈಕೆಲಸವೆಲ್ಲ ಅದರಲ್ಲಿದೆ. ಕಸುಬಿನವನು ಮಾತ್ರ ಬರೆಯಬಲ್ಲ ಪುಸ್ತಕ ಅದು.

ತರಬೇತಿಯ ಮಾತು ಬಂದುದರಿಂದ ಅವನ ಸಹಾಯಕ ಆ್ಯಂಡರ್ಸನ್ನನನ್ನೂ ಇಲ್ಲಿ ನೆನೆಯಬಹುದು. ದೃಗ್ಯಂತ್ರಗಳ ಗಾಜಿನ ಸಂಶೋಧನೆಯ ಕಾಲದಲ್ಲಿ ಕುಲುಮೆಯನ್ನು ನೋಡಿಕೊಳ್ಳಲು ಬಂದ ಈತನು ಮೊದಲು ಫಿರಂಗಿದಳದ ಸಾರ್ಜೆಂಟ್ ಆಗಿದ್ದವನು. ಒಂದು ಸಂಜೆ ಮನೆಗೆ ಹೋಗೆಂದು ಹೇಳುವುದನ್ನು ಫ್ಯಾರಡೆ ಮರೆತನಂತೆ. ಬೆಳಗ್ಗೆ ಬಂದು ನೋಡಿದರೆ ಆ್ಯಂಡರ್ಸನ್ ಇನ್ನೂ ಬೆಂಕಿಗೆ ಇದ್ದಲು ಹಾಕುತ್ತಿದ್ದನು. ಸೈನ್ಯದ ಶಿಕ್ಷಣ ಅವನನ್ನು ಹಾಗೆ ಬಾಗಿಸಿದ್ದಿತು. ಅದೇ ಗಾಜಿನ ತುಂಡು 1845ರಲ್ಲಿ, ಕಾಂತಶಕ್ತಿಯು ಬೆಳಕಿನ ಮೇಲೆ ಪರಿಣಾಮ ಮಾಡುತ್ತದೆಂಬ ಶೋಧನೆಗೆ ಒದಗಿಬಂದಿತು.

ಕೈಯ ಶಿಕ್ಷಣವೂ ಲೇಖನಿಯ ಶಿಕ್ಷಣವೂ ಒಂದುಗೂಡಿದ ದಿನವೆಂದರೆ 1831ನೆಯ ಆಗಸ್ಟ್ 29. ವಿದ್ಯುತ್ಪ್ರವಾಹವು ತನ್ನ ಸುತ್ತ ಕಾಂತತ್ವವನ್ನು ಹುಟ್ಟಿಸುತ್ತದೆಂದು 1820ರಲ್ಲಿ ಅರ್ಸ್ಟೆಡ್ ತೋರಿಸಿದ್ದನು. ಹಾಗಾದರೆ ಕಾಂತತ್ವದಿಂದ ವಿದ್ಯುತ್ತನ್ನು ಪಡೆಯಲಾಗದೆ? ಫ್ಯಾರಡೆ ಇದನ್ನು 1825ರಲ್ಲಿಯೇ ಪರೀಕ್ಷಿಸಿ ಏನೂ ಕಾಣದೆ, ಕಾಣಲಿಲ್ಲವೆಂದೇ ಬರೆದಿಟ್ಟಿದ್ದನು. ಈ ಸಲ 6 ಅಂಗುಲ ಅಡ್ಡಳತೆಯ ಕಬ್ಬಿಣದ ಬಳೆಯೊಂದನ್ನು ಮಾಡಿಸಿ, ಅದರ ಒಂದು ಪಕ್ಕಕ್ಕೆ ಒಂದಷ್ಟು, ಇನ್ನೊಂದು ಪಕ್ಕಕ್ಕೆ ಒಂದಷ್ಟು ತಾಮ್ರದ ತಂತಿಯನ್ನು ಸುತ್ತಿದನು. ಹೊದಿಕೆಯಿರುವ ತಂತಿ ಅಂದು ಅಂಗಡಿಯಲ್ಲಿ ದೊರೆಯುತ್ತಿರಲಿಲ್ಲ. ಸುತ್ತಿಗೂ ಸುತ್ತಿಗೂ ನಡುವೆ ಹುರಿಯನ್ನು, ಪದರಕ್ಕೂ ಪದರಕ್ಕೂ ನಡುವೆ ಕ್ಯಾಲಿಕೊ ಬಟ್ಟೆಯನ್ನು ಕೈಯಾರೆ ಹಾಸಿ ಬಿಗಿಯಬೇಕಾಗಿದ್ದಿತು. ದಾರ ಮತ್ತು ಬಟ್ಟೆ! ನಮ್ಮ ಪುಸ್ತಕದ ಅಂಗಡಿಗಳಲ್ಲಿಯೂ ಕ್ಯಾಲಿಕೊ ಎಂದರೆ ರಟ್ಟಿನ ಬಟ್ಟೆಯೇ ನೆನಪಿಗೆ ಬರುವುದು. ಮೊದಲ ಪಕ್ಕದ ತಂತಿಯನ್ನು ಬ್ಯಾಟರಿಗೆ ಸೇರಿಸಿದ ಕ್ಷಣದಲ್ಲಿ ಎರಡನೆಯ ಪಕ್ಕದ ತಂತಿಯ ಬಳಿ ಇಟ್ಟಿದ್ದ ಕಾಂತಸೂಜಿ ಅಲುಗಿ ಮತ್ತೆ ತನ್ನ ನೆಲೆಗೆ ಬಂದಿತು. ಬ್ಯಾಟರಿಯನ್ನು ಬಿಡಿಸಿದಾಗ ಮತ್ತೊಮ್ಮೆ ಅಲುಗಿತು. ಪ್ರವಾಹ ಸಮನಾಗಿ ಹರಿಯುತ್ತಿರುವಾಗ ಮಾತ್ರ ಏನೂ ಇಲ್ಲ.

ಆ ಒಂದು ಕ್ಷಣದ ಅಲುಗಾಟವನ್ನು ಅಲಕ್ಷ್ಯ ಮಾಡುವುದು ಎಷ್ಟು ಸುಲಭವೆಂಬುದನ್ನು ವಾಚಕರು ಯೋಚಿಸಬೇಕು. ಮೇಜು ಅದುರಿರಬಹುದೆಂದು ಬಿಟ್ಟುಬಿಡಬಹುದಾಗಿತ್ತು. ಕಂಡದ್ದೆಲ್ಲವನ್ನೂ, ಅದು ಬೇಕಾದ್ದಾಗಲಿ ಬೇಡವಾದ್ದಾಗಲಿ, ಕಂಡ ದಿನವೇ ಬರೆಯುವ ಅಭ್ಯಾಸವು ಬಿಡಗೊಡಲಿಲ್ಲ. ಅಕ್ಟೋಬರ್ 17ರಂದು ತಂತಿಸುರುಳಿಯೊಳಕ್ಕೆ ಬರಿಯ ಅಯಸ್ಕಾಂತವನ್ನು ತಳ್ಳಿ ಎಳೆದು ಪ್ರವಾಹ ಬರಿಸಿದನು. ಅಕ್ಟೋಬರ್ 28ರಂದು ದೊಡ್ಡ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ ಎಡೆಬಿಡದ ಪ್ರವಾಹವನ್ನು ಪಡೆದನು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಹುಟ್ಟಿದ್ದು ಇದೇ ತತ್ತ್ವದಿಂದ. ಮುಂದಿನ ವರ್ಷದಿಂದ ಅವನು ತನ್ನ ದಿನಚರಿಯ ಪ್ರತಿಯೊಂದು ಪರಿಚ್ಛೇದಕ್ಕೂ ಸಂಖ್ಯೆ ಹಾಕತೊಡಗಿದನು. ಕೊನೆಯದರ ಸಂಖ್ಯೆ 16041. ನೆನಪಿನ ಶಕ್ತಿ ತನಗೆ ಕಡಮೆಯೆಂದು ಅವನು ಆಗಾಗ ಗೋಳಾಡಿದ್ದುಂಟು. ವಾಟ್ಸ್ ಕಲಿಸಿದ ಟಿಪ್ಪಣಿ ಪುಸ್ತಕವೇ ಅವನ ನೆನಪಾಯಿತು.

ಇಷ್ಟು ದೊರೆತ ಪಾಠದ ಕಥೆ. ಇನ್ನು ದೊರೆಯದ ಪಾಠ. ಅಂಕಗಣಿತವನ್ನು ದಾಟಿದ ಗಣಿತವನ್ನು ಫ್ಯಾರಡೆ ಕಲಿಯಲೇ ಇಲ್ಲ. ವಿದ್ಯುತ್ತನ್ನು ಕುರಿತ ಅವನ ಬೃಹತ್ ಪ್ರಬಂಧಮಾಲೆಯಲ್ಲಿ ಬೀಜಗಣಿತದ ಸಮೀಕರಣ ಕಾಣಸಿಗದು. ಈ ಕೊರತೆಯನ್ನು ಅವನು ಬಲ್ಲವನಾಗಿದ್ದನು. 1822ನೆಯ ಸೆಪ್ಟೆಂಬರ್ 3ರಂದು ಆಂಪೇರನಿಗೆ ಬರೆದ ಪತ್ರದಲ್ಲಿ, ಗಣಿತ ಬಾರದ ತಾನು ಒತ್ತೊತ್ತಾಗಿ ಜೋಡಿಸಿದ ಸಂಗತಿಗಳನ್ನು ತಡವುತ್ತ ತಡವುತ್ತ ಹೆಜ್ಜೆ ಇಡಬೇಕಾಗಿದೆಯೆಂದು ಹೇಳಿಕೊಂಡಿದ್ದಾನೆ. ಕತ್ತಲೆಯಲ್ಲಿ ಗೋಡೆ ಹಿಡಿದು ನಡೆಯುವವನ ಮಾತು.

ಅಂದಿನ ಗಣಿತಜ್ಞರ ದಾರಿ ಬೇರೆ. ನ್ಯೂಟನ್ನನ ಗುರುತ್ವಾಕರ್ಷಣೆಯನ್ನು ಮಾದರಿಯಾಗಿಟ್ಟುಕೊಂಡು, ಎರಡು ಕಾಂತಧ್ರುವಗಳ ನಡುವಣ ಬಲವು ಅವನ್ನು ಕೂಡಿಸುವ ಸರಳರೇಖೆಯಲ್ಲಿ, ದೂರದ ವರ್ಗಕ್ಕೆ ವಿಲೋಮವಾಗಿ ವರ್ತಿಸುತ್ತದೆಂದು ಅವರು ಲೆಕ್ಕ ಹಾಕುತ್ತಿದ್ದರು. ಲೆಕ್ಕ ಸರಿಯಾಗಿಯೇ ಬರುತ್ತಿದ್ದಿತು. ನಡುವಣ ಜಾಗದಲ್ಲಿ ಏನು ನಡೆಯುತ್ತದೆಂದು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಫ್ಯಾರಡೆಗೆ ಆ ಲೆಕ್ಕ ಅರ್ಥವಾಗುತ್ತಿರಲಿಲ್ಲ. ಅವನ ಮುಂದೆ ಇದ್ದುದು ಕಣ್ಣಿಗೆ ಕಾಣುವ ಒಂದು ಆಕೃತಿ.

ಈ ಆಕೃತಿಯನ್ನು ನೋಡದ ವಿದ್ಯಾರ್ಥಿ ಇರಲಾರನು. ಅಯಸ್ಕಾಂತದ ಮೇಲೆ ಕಾಗದವನ್ನು ಹಾಸಿ, ಕಬ್ಬಿಣದ ಪುಡಿಯನ್ನು ತೆಳ್ಳಗೆ ಚೆಲ್ಲಿ, ಕಾಗದವನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಪುಡಿಯ ಕಣಗಳು ಒಂದರ ಬಾಲವನ್ನೊಂದು ಹಿಡಿದಂತೆ ಸಾಲುಗೂಡಿ, ಒಂದು ಧ್ರುವದಿಂದ ಇನ್ನೊಂದಕ್ಕೆ ಕಮಾನುಗಳಾಗಿ ನಿಲ್ಲುತ್ತವೆ. ಧ್ರುವಗಳ ಬಳಿ ಸಾಲುಗಳು ದಟ್ಟ, ದೂರ ಹೋದಂತೆ ವಿರಳ. ಈ ಸಾಲುಗಳನ್ನು ಫ್ಯಾರಡೆಯು ಬಲರೇಖೆಗಳೆಂದು ಕರೆದನು. ಪ್ರತಿ ರೇಖೆಯೂ ಎಳೆದ ರಬ್ಬರಿನಂತೆ ಉದ್ದಕ್ಕೆ ಕುಗ್ಗಲು ಹವಣಿಸುತ್ತದೆ. ಅಕ್ಕಪಕ್ಕದ ರೇಖೆಗಳು ಒಂದನ್ನೊಂದು ದೂಡುತ್ತವೆ. ತಂತಿಯೊಂದು ಚಲಿಸುತ್ತ ಈ ರೇಖೆಗಳನ್ನು ಕತ್ತರಿಸಿದಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಎಷ್ಟು ರೇಖೆಗಳನ್ನು ಕತ್ತರಿಸಿತೆಂಬುದರ ಮೇಲೆ ಅದರ ಪರಿಮಾಣ ನಿಂತಿದೆ. ಗಣಿತಜ್ಞರಿಗೆ ಬರಿದಾಗಿದ್ದ ಜಾಗವು ಅವನಿಗೆ ಬಿಗಿದ ತಂತುಗಳಿಂದ ತುಂಬಿದ ಜೀವಂತ ಪ್ರದೇಶವಾಯಿತು. 1851ರ ಹೊತ್ತಿಗೆ ಅವನು ಈ ಆಕೃತಿಗಳನ್ನು ಗೋಂದು ಬಳಿದ ಕಾಗದದ ಮೇಲೆ ಸ್ಥಿರವಾಗಿ ಅಂಟಿಸಿ ಇಡುತ್ತಿದ್ದನು. ಕಾಗದ, ಗೋಂದು: ಹಳೆಯ ಕಸುಬು ಕೈಬಿಟ್ಟಿರಲಿಲ್ಲ.

ಪಂಡಿತರು ಇದನ್ನು ಒಪ್ಪಲಿಲ್ಲ. ಲೆಕ್ಕಕ್ಕೆ ಸಿಗುವ ಸರಳವೂ ಖಚಿತವೂ ಆದ ಆಕರ್ಷಣೆಯಿರುವಾಗ, ಬಲರೇಖೆಗಳಂಥ ಅಸ್ಪಷ್ಟ ವಸ್ತುವನ್ನು ಯಾರು ಹಿಡಿದಾರು ಎಂದು ರಾಜಜ್ಯೋತಿಷಿ ಏರಿ 1855ರಲ್ಲಿ ಬರೆದನು. ಅದೇ ವರ್ಷ ಕೇಂಬ್ರಿಜ್ಜಿನಲ್ಲಿ 24 ವರ್ಷದ ಯುವಕನೊಬ್ಬನು ಬಲರೇಖೆಗಳನ್ನು ಕುರಿತು ಒಂದು ಪ್ರಬಂಧವನ್ನು ಓದತೊಡಗಿದನು. ಅವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಫ್ಯಾರಡೆಗೆ ದೊರೆಯದ ಪಾಠವೆಲ್ಲ ಇವನಿಗೆ ದೊರೆತಿದ್ದಿತು: ಅನುಕೂಲಸ್ಥರ ಮನೆ, ಎಡಿನ್‌ಬರೋದ ಒಳ್ಳೆಯ ಶಾಲೆ, 14ನೆಯ ವಯಸ್ಸಿನಲ್ಲಿ ಅಂಡಾಕಾರದ ವಕ್ರರೇಖೆಗಳ ಮೇಲೆ ಬರೆದ ಲೇಖನ, 1854ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ. ಆದರೂ ಅವನು ವಿದ್ಯುತ್ತಿನ ಅಧ್ಯಯನಕ್ಕೆ ತೊಡಗಿದಾಗ, ಮೊದಲು ಫ್ಯಾರಡೆಯ ಸಂಶೋಧನೆಗಳನ್ನು ಓದಿ ಮುಗಿಸುವ ತನಕ ಗಣಿತಜ್ಞರ ಗ್ರಂಥಗಳನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿದನು. ಓದುತ್ತ ಹೋದಂತೆ ಫ್ಯಾರಡೆಯ ವಿಚಾರಕ್ರಮವೂ ಗಣಿತವೇ, ರೂಢಿಯ ಸಂಕೇತಗಳು ಮಾತ್ರ ಅದರಲ್ಲಿಲ್ಲ ಎಂಬುದು ಅವನಿಗೆ ಹೊಳೆಯಿತು.

ಪ್ರಬಂಧವನ್ನು ಕಂಡ ಫ್ಯಾರಡೆ 1857ರ ಮಾರ್ಚಿಯಲ್ಲಿ ಬರೆದ ಉತ್ತರ ಮನಸ್ಸನ್ನು ತಟ್ಟುವಂಥದು. ತನ್ನ ವಿಷಯದ ಮೇಲೆ ಅಷ್ಟೊಂದು ಗಣಿತ ಬಂದೆರಗಿದ್ದನ್ನು ಕಂಡು ಮೊದಲು ಹೆದರಿಕೆಯೇ ಆಯಿತು, ಆಮೇಲೆ ವಿಷಯವು ಅದನ್ನು ಚೆನ್ನಾಗಿಯೇ ತಾಳಿಕೊಂಡಿತೆಂದು ಆಶ್ಚರ್ಯವಾಯಿತು ಎಂದಿದ್ದಾನೆ. ಅದೇ ನವೆಂಬರಿನಲ್ಲಿ ಇನ್ನೊಂದು ಪತ್ರ. ಗಣಿತಜ್ಞರು ತಮ್ಮ ಫಲಿತಾಂಶಗಳನ್ನು ಆ ಗೂಢಲಿಪಿಯಿಂದ ಬಿಡಿಸಿ, ತನ್ನಂಥವರು ಪ್ರಯೋಗದಲ್ಲಿ ಬಳಸುವಂತೆ ಸಾಮಾನ್ಯ ಭಾಷೆಯಲ್ಲಿ ಹೇಳಬಾರದೆ ಎಂದು ಕೇಳಿಕೊಂಡಿದ್ದಾನೆ. ಆಗ ಅವನಿಗೆ 66 ವರ್ಷ. ರೇಖೆಗಳನ್ನು ಕಂಡವನು ಅವನೇ. ತಾನು ಕಂಡದ್ದರ ಮುಂದಿನ ಅಧ್ಯಾಯವನ್ನು ಓದಲಾರದವನೂ ಅವನೇ. ಆ ಅಧ್ಯಾಯದಲ್ಲಿ ಬೆಳಕು ಕೂಡ ವಿದ್ಯುತ್ಕಾಂತೀಯ ತರಂಗವೆಂದು ಬರೆದಿದ್ದಿತು.

ಇದರಿಂದ ಗಣಿತ ಕಲಿಯದಿರುವುದೇ ಒಳ್ಳೆಯದೆಂದು ಯಾವ ವಿದ್ಯಾರ್ಥಿಯೂ ಸಂತೋಷಪಡಬೇಕಾಗಿಲ್ಲ. ರಟ್ಟು ಕಟ್ಟುತ್ತಿದ್ದ ಹುಡುಗರು ಲಂಡನ್ನಿನಲ್ಲಿ ಎಷ್ಟೋ ಮಂದಿ ಇದ್ದರು. ಅವರೆಲ್ಲ ಬಡತನದಲ್ಲಿ ಬೆಳೆದು ರಟ್ಟು ಕಟ್ಟುತ್ತಲೇ ಮುದುಕರಾದರು. ಕೊರತೆಯು ಒಬ್ಬನಲ್ಲಿ ಹೊಸ ದಾರಿಯನ್ನು ತೆರೆದರೆ ಇನ್ನೊಬ್ಬನಲ್ಲಿ ವರ್ಷಗಳನ್ನು ನುಂಗುತ್ತದೆ. ನಮ್ಮ ನೆರೆಯ ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಇದಕ್ಕೆ ಸಾಕ್ಷಿ. 1903ರಲ್ಲಿ ಅವರ ಕೈಗೆ ಸಿಕ್ಕ ಕಾರ್ ಎಂಬಾತನ ಗಣಿತಸಂಗ್ರಹದಲ್ಲಿ ಸಾವಿರಾರು ಸೂತ್ರಗಳಿದ್ದುವು, ಸಾಧನೆಗಳು ಬಹಳ ಸಂಕ್ಷೇಪ. ರಾಮಾನುಜನ್ನರ ಸ್ವಂತ ಟಿಪ್ಪಣಿ ಪುಸ್ತಕಗಳೂ ಅದೇ ಅಚ್ಚಿನಲ್ಲಿ ಎರಕವಾದುವು: ಫಲಿತಾಂಶ ಉಂಟು, ಸಾಧನೆ ಇಲ್ಲ. ಕಾಲೇಜಿನಲ್ಲಿ ಉಳಿದ ವಿಷಯಗಳಲ್ಲಿ ಅನುತ್ತೀರ್ಣರಾಗಿ ವಿದ್ಯಾರ್ಥಿವೇತನ ಕಳೆದುಕೊಂಡರು. ಯೂರೋಪಿನಲ್ಲಿ ಆಗಲೇ ತಿಳಿದಿದ್ದ ಎಷ್ಟೋ ಸೂತ್ರಗಳನ್ನು ಒಂಟಿಯಾಗಿ ಮತ್ತೆ ಕಂಡುಹಿಡಿಯುವುದರಲ್ಲಿ ಅವರ ಯೌವನದ ಅಮೂಲ್ಯ ವರ್ಷಗಳು ಕಳೆದುವು. ಅವರ ಅಕಾಲಮರಣಕ್ಕಿಂತಲೂ ಇದನ್ನೇ ದೊಡ್ಡ ದುರಂತವೆಂದು ಹಾರ್ಡಿ ಭಾವಿಸಿದ್ದನು.

ಶಿಕ್ಷಣದ ವಿಷಯದಲ್ಲಿ ಫ್ಯಾರಡೆಯೇ ಏನೆಂದು ಯೋಚಿಸಿದ್ದನು? ಅದಕ್ಕೆ ಪ್ರಸಂಗ ಒದಗಿಸಿದ್ದು ಒಂದು ಹುಚ್ಚು. 1853ರಲ್ಲಿ ಲಂಡನ್ನಿನ ಸುಶಿಕ್ಷಿತರು ಮೇಜಿನ ಸುತ್ತ ಕುಳಿತು ಅದರ ಮೇಲೆ ಕೈಯಿಟ್ಟು, ಮೇಜು ತಾನಾಗಿ ತಿರುಗುತ್ತದೆ, ಪ್ರೇತಗಳು ತಿರುಗಿಸುತ್ತವೆ, ವಿದ್ಯುತ್ತು ತಿರುಗಿಸುತ್ತದೆ ಎಂದು ಬೆರಗಾಗುತ್ತಿದ್ದರು. ಫ್ಯಾರಡೆ ಅವರನ್ನು ಗೇಲಿ ಮಾಡಲಿಲ್ಲ; ಪರೀಕ್ಷೆ ಮಾಡಿದನು. ನುಣುಪಾದ ನಾಲ್ಕೈದು ರಟ್ಟುಗಳನ್ನು ಮೆತ್ತನೆಯ ಅಂಟಿನ ಗುಳಿಗೆಗಳಿಂದ ಒಂದರ ಮೇಲೊಂದು ಸಡಿಲವಾಗಿ ಹತ್ತಿಸಿ, ಮೇಜಿಗೂ ಕೈಗೂ ನಡುವೆ ಇಟ್ಟನು. ಮೇಜೇ ಮೊದಲು ತಿರುಗಿದ್ದರೆ ಕೆಳಗಿನ ರಟ್ಟು ಮುಂದಾಗಿ ಮೇಲಿನದು ಹಿಂದುಳಿಯಬೇಕು. ಆದದ್ದು ಇದಕ್ಕೆ ವಿರುದ್ಧ. ಮೇಲಿನ ರಟ್ಟೇ ಹೆಚ್ಚು ಜರುಗಿದ್ದಿತು. ಕುಳಿತವರು ತಮಗರಿವಿಲ್ಲದೆಯೇ ತಳ್ಳುತ್ತಿದ್ದರು. ಕೈ ಜರುಗಿದ್ದನ್ನು ತೋರಿಸುವ ಕಡ್ಡಿಯೊಂದನ್ನು ಅವರ ಕಣ್ಣೆದುರಿಗೆ ನಿಲ್ಲಿಸಿದ ಕೂಡಲೆ ಮೇಜು ತಿರುಗುವುದೇ ನಿಂತುಹೋಯಿತು.

ಇಷ್ಟು ಓದಿದವರು ಹೀಗೇಕೆ ಮೋಸಹೋದರು ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. 1854ನೆಯ ಮೇ 6ರಂದು ಮಾನಸಿಕ ಶಿಕ್ಷಣವನ್ನು ಕುರಿತು ಅವನು ಕೊಟ್ಟ ಉಪನ್ಯಾಸದ ಹುರುಳೆಂದರೆ, ಸಮಾಜದಲ್ಲಿ ಕೊರತೆಯಿರುವುದು ವಿವೇಚನಾಶಕ್ತಿಯ ಶಿಕ್ಷಣದ್ದು. ಅದನ್ನು ಪ್ರತಿಯೊಬ್ಬನೂ ತನ್ನ ಇಷ್ಟಕ್ಕೆ ತಾನೇ ಅಡ್ಡ ನಿಂತು ಕಲಿಯಬೇಕು. 1862ರಲ್ಲಿ ಇಂಗ್ಲೆಂಡಿನ ಪ್ರತಿಷ್ಠಿತ ಶಾಲೆಗಳನ್ನು ಕುರಿತ ಆಯೋಗದ ಮುಂದೆಯೂ ಅವನು ಸಾಕ್ಷಿ ಹೇಳಿದನು. ಗ್ರೀಕ್, ಲ್ಯಾಟಿನ್‌ಗಳಲ್ಲಿ ಪಳಗಿದ ಮಹನೀಯರು ತನ್ನ ಬಳಿ ಬಂದು, ಸೃಷ್ಟಿಯ ಸರಳ ಸಂಗತಿಗಳನ್ನು ಗ್ರಹಿಸಲಾರದೆ, ತಮಗೆ ತಿಳಿಯದೆಂಬುದನ್ನೂ ತಿಳಿಯದೆ ಹೋಗುತ್ತಿದ್ದರೆಂದು ನಿಷ್ಠುರವಾಗಿಯೇ ಹೇಳಿದನು. ತಾನು ಹೇಳಿದ್ದನ್ನು ಗ್ರಹಿಸಲಾರದಷ್ಟು ಎಳೆಯ ಮಗುವನ್ನು ಮಾತ್ರ ಅವನು ಕಂಡಿರಲಿಲ್ಲವಂತೆ.

ಮಕ್ಕಳ ವಿಷಯವನ್ನು ಅವನು ಅನುಭವದಿಂದ ಬಲ್ಲವನು. 1827 ಮತ್ತು 1860ರ ನಡುವೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್ಮಸ್ ರಜೆಯ ಉಪನ್ಯಾಸಮಾಲೆಗಳನ್ನು 19 ಬಾರಿ ನಡೆಸಿದನು. ಉರಿಯುವ ಮೇಣದಬತ್ತಿಯೊಂದನ್ನೇ ಹಿಡಿದು ರಸಾಯನಶಾಸ್ತ್ರವೆಲ್ಲವನ್ನೂ ಬಿಡಿಸಿ ಹೇಳಿದ ಮಾಲೆ ಇಂದಿಗೂ ಪುಸ್ತಕರೂಪದಲ್ಲಿ ಓದಲ್ಪಡುತ್ತಿದೆ. ಆ ವಾಗ್ಮಿತೆಯೂ ಹುಟ್ಟಿನಿಂದ ಬಂದದ್ದಲ್ಲ. ನಾಲಗೆ ತಿರುಗದ ಹುಡುಗನು ದೊಡ್ಡವನಾದ ಮೇಲೆ ಹಣ ಕೊಟ್ಟು ಭಾಷಣಕಲೆಯ ಪಾಠ ಹೇಳಿಸಿಕೊಂಡನು. ತಾನು ಅವಸರದಿಂದ ಮಾತನಾಡಿದರೆ ಎದುರಿಗೆ ಇಡಬೇಕೆಂದು 'ನಿಧಾನ' ಎಂದು ಬರೆದ ಒಂದು ರಟ್ಟಿನ ಚೀಟಿಯನ್ನೂ, ಗಂಟೆ ಮುಗಿಯುತ್ತ ಬಂದಾಗ ಇಡಬೇಕೆಂದು 'ಹೊತ್ತಾಯಿತು' ಎಂಬ ಇನ್ನೊಂದನ್ನೂ ಮಾಡಿಸಿದ್ದನು.

ಮೊದಲ ಗುರುಗಳಲ್ಲಿ ಒಬ್ಬರನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಅಂಗಡಿಯಲ್ಲಿ ಓದಿದ ರಸಾಯನಶಾಸ್ತ್ರದ ಪುಸ್ತಕದ ಮೊದಲ ಮುದ್ರಣಗಳಲ್ಲಿ ಲೇಖಕಿಯ ಹೆಸರೇ ಅಚ್ಚಾಗಿರಲಿಲ್ಲ. ಜೇನ್ ಮಾರ್ಸೆಟ್ 1858ರಲ್ಲಿ ತೀರಿಕೊಂಡಾಗ, ಜಿನೀವದ ವಿಜ್ಞಾನಿ ಡ ಲಾ ರೀವನಿಗೆ ಫ್ಯಾರಡೆ ಈ ಋಣದ ಕಥೆಯನ್ನೆಲ್ಲ ಬರೆದು ತಿಳಿಸಿದನು. ತನ್ನ ಪ್ರಬಂಧ ಅಚ್ಚಾಗಿ ಬಂದಾಗ ಆಕೆಗೂ ಒಂದು ಪ್ರತಿಯನ್ನು ಕಾಣಿಕೆಯಾಗಿ ಕಳುಹಿಸುತ್ತಿದ್ದೆನೆಂದು ಆ ಪತ್ರದಲ್ಲಿದೆ.